ನಿತ್ಯಪುಷ್ಪದ ಒಪ್ಪಿಗೆ

ಹೆಣ್ಣು ನೋಡಲು ಜನ ಬರುವಾಗ ಹೂಕುಂಡಗಳನ್ನು ಹಿತ್ತಲಿಗೆ ಸಾಗಿಸುವುದು ಮರ್ಯಾದಸ್ಥರ ಪದ್ಧತಿ. ಯಾರಿಗೆ ಯಾವ ಕಾಯಿಲೆಯೋ, ಅದಕ್ಕೆ ಮದ್ದಾಗುವ ಗಿಡದ ಹೂವೆಲ್ಲ ಅವರ ಕಡೆಗೇ ತಿರುಗಿಬಿಡುತ್ತದಲ್ಲ! ಆದರೂ ಮದುವೆಯ ಹೆಣ್ಣು ಶಾಂಭವಿ ಅಂದಕ್ಕೆಂದು ಕಿಟಕಿಯಲ್ಲಿ ಒಂದು ನಿತ್ಯಪುಷ್ಪದ ಗಿಡವನ್ನು ಉಳಿಸಿಕೊಂಡಿದ್ದಳು.

"ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಅನ್ನೋದೇ ಇಲ್ಲ" ಎನ್ನುತ್ತ ವರನ ತಾಯಿ ಸರ್ವಮಂಗಳಮ್ಮ ಎರಡನೇ ತಟ್ಟೆ ಕೇಸರಿಬಾತಿಗೆ ಕೈ ಹಾಕಿದರು. ಅಷ್ಟೂ ಹೂಗಳು ಸರಕ್ಕನೆ ಅವರತ್ತ ತಿರುಗಿದವು.

"ನೋಡಿದ್ರಾ, ದೊಡ್ಡೋರು ಯಾರು ಅಂತ ಗಿಡಕ್ಕೂ ಗೊತ್ತು!" ಎಂದರು, ತಟ್ಟೆ ಬಿಡದೆ.

ಶಾಂಭವಿ ತಟ್ಟೆ ಕಿತ್ತುಕೊಂಡಳು. "ಸಾಕು ಅತ್ತೆ. ಇನ್ಮೇಲೆ ನಿಮ್ಮ ಸಕ್ಕರೆ ಕಾಯಿಲೆಗೆ ಈ ಗಿಡದ ಕಷಾಯವೇ ಗತಿ."

ಸಂಬಂಧ ಮುರಿಯಿತೆಂದು ಅವಳಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ವರನ ತಂದೆ ಎದ್ದು ನಿಂತರು.

"ಇಷ್ಟು ವರ್ಷ ನನ್ನ ಕೈಲಾಗದ್ದನ್ನ ಈ ಹುಡುಗಿ ಮಾಡಿದ್ಲು. ಬೀಗರೇ, ಮೊದಲು ಮುಹೂರ್ತ ಇಡಿಸಿ!"