ಜೇಬಿನಲ್ಲಿದ್ದ ಬೆಲ್ಲ

ಶ್ವಾಸಕೋಶದ ಪೊರೆಗೆ ಹತ್ತಿದ ಕ್ಯಾನ್ಸರ್ ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಮುದುಕನಿಗೆ ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಒಳಗೆ ಕಳಿಸುವ ಮೊದಲು ನರ್ಸ್ ಅವನ ಜೇಬು ಖಾಲಿ ಮಾಡಿಸಿದಳು. ಕಾಗದದ ಪೊಟ್ಟಣವೊಂದು ಸಿಕ್ಕಿತು. ಬಿಚ್ಚಿದರೆ ಬೆಲ್ಲದ ಉಂಡೆ!

"ಅಯ್ಯೋ ತಾತ, ಸಿಹಿ ತಿಂದ್ರೆ ಸ್ಕ್ಯಾನ್ ಸರಿಯಾಗಿ ಬರಲ್ಲ ಅಂತ ಎಷ್ಟು ಸಲ ಹೇಳಿದೀನಿ!"

"ತಿಂದಿಲ್ಲಮ್ಮ. ತಿನ್ನೋದೆಲ್ಲ ಫ್ಯಾಕ್ಟ್ರೀಲೇ ಆಯ್ತು. ಆಸ್ಬೆಸ್ಟಾಸ್ ಶೀಟು ಕೊಯ್ಯೋ ಕೆಲಸ, ಮೂಗು ಬಾಯೆಲ್ಲ ಧೂಳು. ಕೆಮ್ಮಿದೋರಿಗೆಲ್ಲ ನಮ್ಮ ಮ್ಯಾನೇಜರ್ರು ಒಂದೊಂದು ಉಂಡೆ ಬೆಲ್ಲ ಕೊಡೋರು. 'ತಿನ್ರೋ, ಧೂಳೆಲ್ಲ ಇಳಿದು ಹೋಗತ್ತೆ' ಅನ್ನೋರು."

"ನೀವೂ ನಂಬಿದ್ರಾ?"

"ಇಪ್ಪತ್ತೆಂಟು ವರ್ಷ ನಂಬಿದ್ವಿ."

"ಮತ್ತೆ ಈ ಬೆಲ್ಲ ಯಾರಿಗೆ?"

ಮುದುಕ ಕಣ್ಣು ಮಿಟುಕಿಸಿ ಪೊಟ್ಟಣವನ್ನು ವಾಪಸು ಇಸಿದುಕೊಂಡ. ಪಕ್ಕದ ಕುರ್ಚಿಯಲ್ಲಿ ಆಸ್ಪತ್ರೆಯ ಹಸಿರು ಗೌನು ತೊಟ್ಟು, ಮುಂದಿನ ಟೋಕನ್ ಹಿಡಿದು, ಆಗಿನಿಂದ ಕೆಮ್ಮುತ್ತ ಕೂತಿದ್ದವರ ಅಂಗೈಯಲ್ಲಿ ಅದನ್ನು ಮೆಲ್ಲಗೆ ಇಟ್ಟ.

"ಸ್ಕ್ಯಾನ್ ಮುಗಿದ ಮೇಲೆ ತಿನ್ನಿ ಮ್ಯಾನೇಜರ್ ಸಾರ್, ಧೂಳೆಲ್ಲ ಇಳಿದು ಹೋಗತ್ತೆ."