ಬದಲಿ ಪಹರೆ

ಎಂಬತ್ತನೇ ಇಸವಿಯ ಶ್ರಾವಣ, ನಾಗರಪಂಚಮಿಗೆ ಎರಡು ದಿನ ಮುಂಚಿನ ರೊಟ್ಟಿ ಹಬ್ಬದ ದಿನ. ಬೆಳಗಿನ ಜಿಟಿಜಿಟಿ ನಿಂತು ಹೊತ್ತು ಮಾರುದ್ದ ಏರಿತ್ತು. ಹಿಟ್ನಾಳದ ದೇವೇಂದ್ರಪ್ಪನ ಮನೆಯ ಕಟ್ಟೆಯ ಮೇಲೆ ಅವನ ಹೆಂಡತಿ ಕಳಕಮ್ಮನ ಅಣ್ಣ ವಿರುಪಣ್ಣ ಉಂಡಿಯ ಗಂಟು ಇಟ್ಟುಕೊಂಡು ಕೂತಿದ್ದ. ಪಂಚಮಿಗೆ ತಂಗಿಯನ್ನು ಕರೆಯಲು ಅವನು ಪ್ರತಿವರ್ಷ ಕುಷ್ಟಗಿ ಕಡೆಯಿಂದ ಬರುತ್ತಿದ್ದ. ಪ್ರತಿವರ್ಷ ಗಂಟು ಕೊಟ್ಟು, ಚಹಾ ಕುಡಿದು, ಒಬ್ಬನೇ ತಿರುಗಿ ಹೋಗುತ್ತಿದ್ದ.

ಬಾಂಗ್ಲಾ ಯುದ್ಧದಲ್ಲಿ ಬೆನ್ನಿಗೆ ಸಿಡಿಗುಂಡಿನ ಚೂರು ಹೊಕ್ಕ ಮೇಲೆ ದೇವೇಂದ್ರಪ್ಪನಿಗೆ ಸೊಂಟದ ಕೆಳಗೆ ಶಕ್ತಿ ಇರಲಿಲ್ಲ, ಅರಿವೂ ಇರಲಿಲ್ಲ. ಮಗ್ಗಲು ಬದಲಿಸುವುದರಿಂದ ಹಿಡಿದು ಎಲ್ಲವೂ ಕಳಕಮ್ಮನ ಕೈಯಿಂದಲೇ ಆಗಬೇಕು. ರಾತ್ರಿ ಒಂದು ಹುರಿಯ ಎರಡು ತುದಿ ಇಬ್ಬರ ಮುಂಗೈಗೆ ಕಟ್ಟಿಕೊಂಡು ಮಲಗುತ್ತಿದ್ದರು. ಅವನು ಜಗ್ಗಿದರೆ ಅವಳು ಏಳಬೇಕು.

ಈ ಸಲ ಒಳಗೆ ಇನ್ನೊಬ್ಬನಿದ್ದ. ಅಬ್ದುಲಸಾಬ, ದೇವೇಂದ್ರಪ್ಪನ ಪಲ್ಟನ್ನಿನಲ್ಲಿ ಅಡಿಗೆ ಮಾಡುತ್ತಿದ್ದವನು, ಈಗ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕಾವಲುಗಾರ. ಹಿಂದಿನ ತಿಂಗಳು ಕಳಕಮ್ಮ ಒಲೆಯ ಮುಂದೆ ಕೂತಲ್ಲೇ ತೂಕಡಿಸಿ ಸೆರಗಿಗೆ ಬೆಂಕಿ ಹತ್ತಿಸಿಕೊಂಡಿದ್ದಳು. ಅದನ್ನು ಕೇಳಿದ ವಿರುಪಣ್ಣ ಗಂಗಾವತಿಗೆ ಹೋಗಿ ಅವನನ್ನು ಕರೆತಂದಿದ್ದ.

“ಪಂಚಮಿ ಮುಗಿಯೂತನಾ ನಾ ಇರ್ತೀನಿ. ನೀ ಹೋಗಿ ಬಾ ತಂಗಿ,” ಅಂದ ಅಬ್ದುಲಸಾಬ.

“ಅವರು ಬ್ಯಾರೇದವರ ಕೈ ಹಚ್ಚಗೊಡೂದಿಲ್ಲಣ್ಣ.”

“ಇವನ ಕೈ ನನಗ ಗೊತ್ತೈತಿ,” ಅಂದ ದೇವೇಂದ್ರಪ್ಪ ಹಾಸಿಗೆಯಿಂದ. “ಇವ ಮಾಡಿದ ದಾಲ್ ಉಂಡು ಅರ್ಧ ಪಲ್ಟನ್ ಶತ್ರು ಕಡೆ ಓಡೂದರಾಗ ಇತ್ತು.”

“ನೀ ಮಾತ್ರ ಎರಡೆರಡು ಸಲ ಹಾಕಿಸ್ಕೊಂತಿದ್ದಿ, ನಾಯಕ!”

ನಗುತ್ತಲೇ ಅಬ್ದುಲಸಾಬ ಅವನನ್ನು ಹೊರಳಿಸಿದ. ಹೊರಳಿಸಿದವನು ನಗು ನಿಲ್ಲಿಸಿದ. ಟೊಂಕದ ಎಲುಬಿನ ಮೇಲೆ ಅಂಗೈ ನಡುವಿನಷ್ಟು ಜಾಗ ಕೆಂಪಾಗಿ ಚರ್ಮ ಸುಲಿದಿತ್ತು.

“ಮೊನ್ನಿಯಿಂದ ಕೆಂಪಗಾಗೇತಿ. ಚಾಪಿ ಒತ್ತೇತಿ ಅಂತ ಎಣ್ಣಿ ಹಚ್ಚೀನಿ,” ಅಂದಳು ಕಳಕಮ್ಮ.

“ಚಾಪಿ ಅಲ್ಲವ್ವ. ಒಂದ ಮಗ್ಗಲಕ್ಕ ಭಾಳ ಹೊತ್ತು ಬಿದ್ರ ಹಿಂಗಾಕ್ಕೈತಿ. ಮಿಲಿಟರಿ ದವಾಖಾನ್ಯಾಗ ನೋಡೀನಿ. ರಾತ್ರಿ ಹೊರಳಸೂದಿಲ್ಲೇನು?”

“ಅವರು ಹುರಿ ಜಗ್ಗಿದ್ರ ಅಲ್ಲೇನು? ಈಗೀಗ ಜಗ್ಗೂದ ಇಲ್ಲ. ನಿದ್ದಿ ಹತ್ತೇತಿ, ಯಾಕ ಎಬ್ಬಸೂದು ಅಂತ ನಾನೂ ಮುಟ್ಟೂದಿಲ್ಲ. ಯಾವಾಗ ಜಗ್ಗತಾರೋ ಅಂತ ಬೆಳತನಕ ಕಣ್ಣು ತೆರಕೊಂಡು ಬಿದ್ದಿರ್ತೀನಿ.”

ದೇವೇಂದ್ರಪ್ಪ ದಿಂಬಿನಿಂದ ತಲೆ ಎತ್ತಿದ. “ಎಚ್ಚರ ಇರ್ತಿಯೇನು? ನೀ ಮಲಗಲಿ ಅಂತ ನಾ ಜಗ್ಗಲಿಲ್ಲ. ನನಗೇನು, ನೋವಂತೂ ಆಗೂದಿಲ್ಲ.”

ಕಟ್ಟೆಯಿಂದ ವಿರುಪಣ್ಣನ ದನಿ ಬಂತು: “ಬಸ್ಸಿನ ಹೊತ್ತಾತು ತಂಗೆವ್ವಾ. ಈ ಸಲಾನೂ ನಾ ಒಬ್ಬನ ಹೋಗ್ಬೇಕೇನು?”

“ನೀ ಹೋಗಣ್ಣ. ಈ ಹುಣ್ಣು ಬಿಟ್ಟು ನಾ ಹೆಂಗ ಬರ್ಲಿ?”

“ಕೇಳಿಲ್ಲಿ,” ಅಂದ ದೇವೇಂದ್ರಪ್ಪ. ಬಹಳ ದಿನದ ಮೇಲೆ ಅವನ ದನಿ ಎದ್ದು ನಿಂತಿತ್ತು. “ಬದಲಿ ಬಂದ ಮ್ಯಾಲೆ ಪಹರೆಯವ ಅಲ್ಲಿ ನಿಂದ್ರಂಗಿಲ್ಲ. ನಿದ್ದಿಗೆಟ್ಟವನ್ನ ಪಹರೆಕ ಹಚ್ಚಿದ್ರ ಪೆಟ್ಟು ಬೀಳೂದು ಹಿಂದ ಮಲಗಿದವಗ. ಚಾರ್ಜು ಕೊಡು ಅವಗ.”

“ಏನ ಕೊಡ್ಲಿ?”

“ಏನೇನು ಮಾಡ್ತಿ, ಬಾಯಿಲೆ ಹೇಳು. ಅವ ತಿರುಗಿ ಹೇಳ್ತಾನ. ಹೇಳಿದ ಮ್ಯಾಲೆ ಅದು ನಿಂದಲ್ಲ, ಅವಂದು.”

ಕಳಕಮ್ಮ ಸೆರಗು ಸರಿ ಮಾಡಿಕೊಂಡು ಹೇಳತೊಡಗಿದಳು. ಅಬ್ದುಲಸಾಬ ನೆಟ್ಟಗೆ ನಿಂತು ಒಂದೊಂದನ್ನೂ ತಿರುಗಿ ಹೇಳಿದ. ಬಿಸಿನೀರನ್ನು ಮೊದಲು ತನ್ನ ಮೊಳಕೈಗೆ ಹನಿಸಿ ನೋಡಬೇಕು, ಇವರ ಕಾಲಿಗೆ ಸುಟ್ಟರೂ ತಿಳಿಯುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬುಟ್ಟಿ ತುಂಬ ಇದೆ, ಹಾಲಿನಲ್ಲಿ ನೆನೆಸಿ ಕೊಟ್ಟರೆ ತನ್ನನ್ನು ಮುದುಕನನ್ನಾಗಿ ಮಾಡಿದಿರೆಂದು ಸಿಟ್ಟಿಗೇಳುತ್ತಾರೆ. ಉಚ್ಚೆಯ ಡಬ್ಬಿ ಕೊಟ್ಟಾಗ ಮಾರಿ ಆ ಕಡೆ ಮಾಡಬೇಕು. ಸಂಜೆ ಬಾಗಿಲು ತೆರೆದಿಟ್ಟು ಹಾದಿ ಕಾಣುವಂತೆ ಕೂಡಿಸಬೇಕು, ಆದರೆ ಹಾದಿಯವರು ಕನಿಕರ ಮಾಡಿದರೆ ಬಾಗಿಲು ಮುಚ್ಚಬೇಕು. ಹೇಳಿದಷ್ಟೂ ಇನ್ನೊಂದು ನೆನಪಾಗುತ್ತಿತ್ತು. ತಾನು ಇಷ್ಟೆಲ್ಲ ಮಾಡುತ್ತಿದ್ದೆನೆಂದು ಅವಳ ಕಿವಿಗೂ ಅವತ್ತೇ ಬಿದ್ದದ್ದು.

“ಮುಗೀತೇನು?” ಅಂದ ದೇವೇಂದ್ರಪ್ಪ.

“ಮುಗೀತು.”

“ಮುಂಗೈಯಾಗಿನದು?”

ಬಳೆಗಳ ಹಿಂದೆ ಹುರಿ ಸುತ್ತಿಕೊಂಡೇ ಇತ್ತು. ದಿನಾ ಬೆಳಿಗ್ಗೆ ಅವನ ಕಡೆಯ ತುದಿ ಬಿಚ್ಚುತ್ತಿದ್ದಳು, ತನ್ನದು ಬಿಚ್ಚುತ್ತಿರಲಿಲ್ಲ.

“ಇದು ಇರ್ಲಿ ಬಿಡ್ರಿ. ಏನು ಭಾರ ಆಕ್ಕೈತಿ?”

“ಪಹರೆ ಬಿಟ್ಟವ ಬಂದೂಕು ಒಯ್ಯಂಗಿಲ್ಲ.”

ಗಂಟು ಬಿಗಿದುಹೋಗಿತ್ತು. ಅವಳು ಹಲ್ಲಿನಿಂದ ಬಿಡಿಸಿ ಅಬ್ದುಲಸಾಬನ ಕೈಗೆ ಕೊಟ್ಟಳು. ಅವನು ಅಲ್ಲೇ ತನ್ನ ಮುಂಗೈಗೆ ಒಂದು ತುದಿ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಗೆಳೆಯನ ಕೈಗೆ ಕೊಟ್ಟು, ಬಾಗಿಲವರೆಗೆ ಬಂದು ನಿಂತ. ಹುರಿ ಅಷ್ಟೇ ಉದ್ದ ಇತ್ತು. ಕಳಕಮ್ಮ ಎರಡು ಸಲ ಹಿಂತಿರುಗಿ ನೋಡಿದಳು. ಮುಂದೆ ಉಂಡಿಯ ಗಂಟು ತಿರುಗಿ ಹೊತ್ತುಕೊಂಡ ವಿರುಪಣ್ಣ ಹಾದಿಯುದ್ದಕ್ಕೂ ಏನೋ ಹೇಳುತ್ತ ನಡೆದಿದ್ದ. ಬಾಗಿಲಿನಿಂದ ಕಾಣುವ ಹಾದಿಯ ಮೇಲೆ ಕುಷ್ಟಗಿಯ ಬಸ್ಸು ಬಂದು ನಿಂತು, ಹೊರಟಿತು.

ಹುರಿ ಜಗ್ಗಿತು.

“ಏನ ಬೇಕೋ ನಾಯಕ?”

“ಹೋದ್ಲೇನು?”

“ಹೋದ್ಲು. ಕಿಡಕಿ ಬಲ್ಲಿ ಕೂತಾಳ. ಬಸ್ಸು ಬಿಡೂದರಾಗ ಅಣ್ಣನ ಹೆಗಲ ಮ್ಯಾಲೆ ತಲಿ ಹಾಕ್ಯಾಳ.”

“ಮಲಗ್ಯಾಳೇನು? ಛಂದಗ ನೋಡಿದಿಯೇನು?”

“ಮಲಗ್ಯಾಳ.”

ದೇವೇಂದ್ರಪ್ಪ ಹುರಿ ಮತ್ತೊಮ್ಮೆ ಜಗ್ಗಿದ. “ಹಂಗಾದ್ರ ಬಾ, ನನ್ನ ಹೊರಳಸು,” ಅಂದ.

ಕಳಕಮ್ಮ ಮದುವೆಯಾದ ಮೇಲೆ ಎಷ್ಟು ಪಂಚಮಿ ತಪ್ಪಿಸಿಕೊಂಡಳೋ, ಯಾರೂ ಲೆಕ್ಕ ಇಟ್ಟಿಲ್ಲ. ತವರಿಗೆ ಹೋದದ್ದು ಮಾತ್ರ ಊರಿಗೆ ವಾರ ಸಹಿತ ನೆನಪಿದೆ. ಅವತ್ತು ಬುಧವಾರ.