ಅಲುಗದ ಚುಕ್ಕೆ

ಪರದೆಯ ಮೇಲಿನ ನಕ್ಷೆಯಲ್ಲಿ ಊರಿಗೆ ಊರೇ ಮೇಲೇಳುತ್ತಿತ್ತು. "ಕೊಳವೆಬಾವಿಗಳನ್ನ ಮುಚ್ಚಿಸಿದ್ದು ಸಾರ್ಥಕವಾಯ್ತಮ್ಮ. ಅಂತರ್ಜಲ ತುಂಬಿ ನೆಲ ಉಬ್ಬುತ್ತಿದೆ," ಎಂದು ಮೇಲಧಿಕಾರಿ ಬೀಗಿದರು. ಕಚೇರಿಯ ಸ್ವಂತ ಬಾವಿಯ ಮೋಟಾರು ಮಾತ್ರ ಕಿಟಕಿಯಾಚೆ ಗುಂಯ್‌ಗುಡುತ್ತಲೇ ಇತ್ತು. ನಕ್ಷೆ ಮಾಡಿದವಳು ಪರದೆಯತ್ತ ಬಾಗಿ ನೋಡಿದಳು. ಬಂಡೆಯ ಮೇಲೆ ಕಟ್ಟಿದ ಹಳೇ ಬಡಾವಣೆಯೂ ಉಬ್ಬಿತ್ತು. ಬಂಡೆ ಉಬ್ಬುವುದುಂಟೇ?

ಅವಳ ದುಂಡು ಪೆನ್ಸಿಲ್ ಎಂದಿನಂತೆ ಮೇಜಿನಿಂದ ಉರುಳಿ ಬಿತ್ತು. ಅದಕ್ಕೆ ಕಚೇರಿಯವರು "ಓಡಿಹೋಗೋ ಗಂಡ" ಅಂತ ಹೆಸರಿಟ್ಟಿದ್ದರು. ಮೇಜೇ ವಾಲಿದೆ ಎಂದು ಬಡಗಿ ಬಂದು ಅದರ ಕಾಲು ತರಿದೂ ಹೋಗಿದ್ದ.

"ಸರ್, ಅಲುಗದ ಜಾಗ ಅಂತ ಒಂದು ಚುಕ್ಕೆ ಇಟ್ಕೊಂಡು, ಉಪಗ್ರಹದ ಅಳತೆಯನ್ನೆಲ್ಲ ಅದಕ್ಕೇ ಹೋಲಿಸಿದ್ವಲ್ಲ. ಆ ಚುಕ್ಕೆ ಆರಿಸಿದ್ದು ನೀವು, ಎಲ್ಲಿಟ್ರಿ?"

"ಇನ್ನೆಲ್ಲಿ, ನಮ್ಮ ಕಟ್ಟಡದ ಮೇಲೆ. ಇದಕ್ಕಿಂತ ಗಟ್ಟಿ ಯಾವುದಮ್ಮ?"

ಅವಳು ಪೆನ್ಸಿಲನ್ನು ಬರಿ ನೆಲದ ಮೇಲಿಟ್ಟು ಕೈ ಬಿಟ್ಟಳು. ಅದು ಮೆಲ್ಲಗೆ ಹೊರಟು, ವೇಗ ಹಿಡಿದು, ಪಕ್ಕದ ಕೋಣೆಯ ಬಾಗಿಲ ಕೆಳಗೆ ನುಸುಳಿತು. ಅದು ಸಿಬ್ಬಂದಿಯ ಮಕ್ಕಳನ್ನು ನೋಡಿಕೊಳ್ಳುವ ಕೋಣೆ. ಊರು ಏಳುತ್ತಿರಲಿಲ್ಲ, ಇವರ ಕಟ್ಟಡವೇ ಇಳಿಯುತ್ತಿತ್ತು. ಮೇಲಧಿಕಾರಿ ಕಿಟಕಿಯಾಚೆಯ ಮೋಟಾರಿನತ್ತ ತಿರುಗಿದರು.

ಬಾಗಿಲಾಚೆಯಿಂದ ಅವಳ ಮಗಳು ನಗುತ್ತ ಕೂಗಿದಳು: "ಅಮ್ಮಾ, ಎಲ್ಲಾ ಇಲ್ಲಿಗೇ ಬರುತ್ತೆ. ನಮ್ಮ ಚೆಂಡೂ ಅಷ್ಟೇ."